ತೆರೆದ ಜೀಪಿಗೆ ಅರ್ಧ ಹುಡ್ ಸಾಕು

ಹುಡ್ ಬಿಚ್ಚಿದ ಜೀಪಿನ ಸವಾರಿ ಏಪ್ರಿಲ್ ತಿಂಗಳಲ್ಲಿ ಜಾಹೀರಾತಿನ ಮಟ್ಟಿಗೆ ಮಾತ್ರ ಚೆಂದ. ರಸ್ತೆ ಬದಿ ನಿಂತು ನೋಡುವವರಿಗೆ ಗತ್ತು ಕಾಣುತ್ತದೆ. ಒಳಗೆ ಕೂತವರಿಗೆ ಸ್ಟೀರಿಂಗ್ ಮುಟ್ಟಲಾಗುವುದಿಲ್ಲ, ರೆಕ್ಸಿನ್ ಸೀಟು ಬೆನ್ನಿಗೆ ಅಂಟುತ್ತದೆ, ನೆತ್ತಿ ಕಾದು ತಲೆನೋವು ಶುರುವಾಗುತ್ತದೆ. ಆಗ ಮಾಲೀಕರಿಗೆ ಸಾಮಾನ್ಯವಾಗಿ ಎರಡೇ ದಾರಿ ಹೊಳೆಯುತ್ತವೆ. ಒಂದು, ಕಂಪನಿ ಕೊಟ್ಟ ಪೂರ್ತಿ ಹುಡ್ ಎಳೆದು, ಪ್ಲಾಸ್ಟಿಕ್ ಕಿಟಕಿಗಳಿಗೂ ಜಿಪ್ ಹಾಕಿ, ಬೆವರು ಸುರಿಸುತ್ತ ಹೋಗುವುದು. ಇನ್ನೊಂದು, ಬೆಂಗಳೂರಿನ ಜೆ.ಸಿ. ರಸ್ತೆಯಂಥ ಕಡೆ ಹೋಗಿ ಫೈಬರ್ ಇಲ್ಲವೇ ತಗಡಿನ ಹಾರ್ಡ್ ಟಾಪ್ ಕೂರಿಸಿ, ತೆರೆದ ಗಾಡಿಯೆಂದೇ ಇಷ್ಟಪಟ್ಟು ಕೊಂಡದ್ದನ್ನು ಮುಚ್ಚಿದ ಗಾಡಿ ಮಾಡಿಕೊಳ್ಳುವುದು.

ಮೂರನೆಯದೊಂದು ದಾರಿಯಿದೆ. ಮುಂದಿನ ಗಾಜಿನ ಚೌಕಟ್ಟಿನಿಂದ ಸೀಟುಗಳ ಹಿಂದಿರುವ ರೋಲ್ ಬಾರ್‌ವರೆಗೆ ಬಿಗಿದು ಕಟ್ಟುವ ಒಂದು ತುಂಡು ಬಟ್ಟೆ, ಅಷ್ಟೇ. ಪಕ್ಕಕ್ಕೆ ಪರದೆಯಿಲ್ಲ, ಹಿಂದೆ ಗೋಡೆಯಿಲ್ಲ. ಅಮೆರಿಕದವರು ಇದನ್ನು ಬಿಕಿನಿ ಟಾಪ್ ಎನ್ನುತ್ತಾರೆ, ಇಲ್ಲಿನ ಜೀಪು ಪ್ರಿಯರು ಸನ್ ಟಾಪ್ ಎಂದೋ ಹಾಫ್ ಹುಡ್ ಎಂದೋ ಕರೆದುಕೊಳ್ಳಬಹುದು. ಎರಡು ಚದರ ಮೀಟರ್ ಬಟ್ಟೆ, ಒಂದಿಷ್ಟು ನವಾರು ಪಟ್ಟಿ, ನಾಲ್ಕೈದು ಬಕಲ್, ಕುಶನ್ ಅಂಗಡಿಯವರ ಅರ್ಧ ದಿನದ ಕೆಲಸ. ಹಾರ್ಡ್ ಟಾಪಿಗೆ ಹತ್ತಾರು ಸಾವಿರ ಬೇಕಾದರೆ ಇದು ಒಂದೆರಡು ಸಾವಿರದ ಮಾತು. ನವೆಂಬರಿನಿಂದ ಮೇ ತಿಂಗಳವರೆಗೆ ಕರ್ನಾಟಕದ ಯಾವುದೇ ಮೂಲೆಯಲ್ಲಿ ಓಡುವ ತೆರೆದ ಜೀಪಿಗೆ ಇದಕ್ಕಿಂತ ಸರಿಯಾದ ಸೂರು ಇನ್ನೊಂದಿಲ್ಲ. ಆದರೂ ಇದನ್ನು ಮಾಲೀಕರು ಹಗುರವಾಗಿ ಕಾಣುತ್ತಾರೆ, ಕಂಪನಿಗಳು ಒತ್ತಿ ಹೇಳುವುದಿಲ್ಲ, ಸಾರಿಗೆ ಇಲಾಖೆ ಈ ಬಗ್ಗೆ ಒಂದು ಸ್ಪಷ್ಟ ಮಾತನ್ನೂ ಆಡಿಲ್ಲ.

ಜೀಪಿಗೆ ಬಟ್ಟೆಯ ಸೂರು ಆಮೇಲೆ ಸೇರಿಸಿದ ಅಲಂಕಾರವಲ್ಲ, ಹುಟ್ಟಿನಿಂದಲೇ ಬಂದದ್ದು. 1940ರಲ್ಲಿ ಅಮೆರಿಕದ ಪೆನ್ಸಿಲ್ವೇನಿಯಾದ ಬ್ಯಾಂಟಮ್ ಎಂಬ ಸಣ್ಣ ಕಂಪನಿ ಸೇನೆಗಾಗಿ ಮೊದಲ ಮಾದರಿ ಮಾಡಿಕೊಟ್ಟಿತು. ವಿಲ್ಲೀಸ್ ಮತ್ತು ಫೋರ್ಡ್ ಕಂಪನಿಗಳು ಅದನ್ನು ಬೆಳೆಸಿ ಯುದ್ಧ ಮುಗಿಯುವ ಹೊತ್ತಿಗೆ ಆರು ಲಕ್ಷಕ್ಕೂ ಹೆಚ್ಚು ಜೀಪು ತಯಾರಿಸಿದ್ದವು. ಅವೆಲ್ಲಕ್ಕೂ ಬಾಗಿದ ಕಂಬಿಗಳ ಮೇಲೆ ಎಳೆಯುವ ಕ್ಯಾನ್ವಾಸ್ ಹೊದಿಕೆಯೇ ಚಾವಣಿ. ಬೇಡವಾದಾಗ ಕಳಚಿ, ಮುಂದಿನ ಗಾಜನ್ನೂ ಬಾನೆಟ್ ಮೇಲೆ ಮಲಗಿಸಿಬಿಡಬಹುದಿತ್ತು. 1947ರಲ್ಲಿ ಮುಂಬೈಯಲ್ಲಿ ವಿಲ್ಲೀಸ್ ಜೀಪುಗಳ ಜೋಡಣೆ ಶುರು ಮಾಡಿದ ಕಂಪನಿಗೆ ಮರುವರ್ಷ ಮಹೀಂದ್ರಾ ಅಂಡ್ ಮಹೀಂದ್ರಾ ಎಂಬ ಹೆಸರು ಬಂತು. ಮುಂದಿನ ದಶಕಗಳಲ್ಲಿ ಅದರ ಜೀಪುಗಳು ಕೊಡಗಿನ ಕಾಫಿ ತೋಟಗಳಿಗೆ, ಮಲೆನಾಡಿನ ಅಡಿಕೆ ತೋಟಗಳಿಗೆ, ಅರಣ್ಯ ಇಲಾಖೆಗೆ, ಪೊಲೀಸ್ ಠಾಣೆಗಳಿಗೆ ಬಂದವು. 2010ರಲ್ಲಿ ಅದೇ ಕಂಪನಿಯ ಥಾರ್ ಬಂದಾಗಲೂ ತಲೆಯ ಮೇಲೆ ಬಟ್ಟೆಯೇ ಇತ್ತು.

ಹೀಗಾಗಿ ಹುಡ್ ಹೊಲಿಯುವ ಕೈಗಳು ಇಲ್ಲಿ ಎಂದೂ ಕಡಿಮೆಯಾಗಲಿಲ್ಲ. ತಾಲ್ಲೂಕು ಕೇಂದ್ರದ ಬಸ್ ನಿಲ್ದಾಣದ ಹಿಂದಿನ ರಸ್ತೆಯಲ್ಲಿ ಒಂದಾದರೂ ಕುಶನ್ ವರ್ಕ್ಸ್ ಇರುತ್ತದೆ. ಆಟೊ ರಿಕ್ಷಾದ ಟಾಪ್, ಲಾರಿಯ ಸೀಟು, ಟ್ರ್ಯಾಕ್ಟರಿನ ನೆರಳು ಚಪ್ಪರ ಎಲ್ಲವೂ ಅಲ್ಲಿಯ ದಪ್ಪ ಸೂಜಿಯ ಮಷೀನಿನಡಿ ಹಾಯುತ್ತವೆ. ಆಟೊದ ಟಾಪನ್ನೇ ಗಮನಿಸಿ ನೋಡಬೇಕು. ಬಾಗಿಸಿದ ಪೈಪಿನ ಮೇಲೆ ಬಿಗಿದ ರೆಕ್ಸಿನ್, ಎರಡೂ ಪಕ್ಕ ತೆರೆದ ಜಾಗ. ದಿನವಿಡೀ ಬಿಸಿಲಲ್ಲಿ ನಿಲ್ಲುವ ಆ ಗಾಡಿಯ ವಿನ್ಯಾಸವನ್ನು ಯಾರೂ ಅಗ್ಗದ್ದೆಂದು ನಗುವುದಿಲ್ಲ. ಅದನ್ನೇ ಹತ್ತು ಹದಿನೈದು ಲಕ್ಷದ ಗಾಡಿಗೆ ಕಟ್ಟಿದರೆ ಮಾತ್ರ ನೆಂಟರ ಮುಂದೆ ಸಂಕೋಚ!

ವಿದೇಶದಲ್ಲಿ ಈ ಸಂಕೋಚ ಇರಲಿಲ್ಲ. 1959ರಲ್ಲಿ ವಿಲ್ಲೀಸ್ ಕಂಪನಿ ಪ್ರವಾಸಿ ತಾಣಗಳಿಗೆಂದೇ ಸರ್ರೀ ಗಾಲಾ ಎಂಬ ಜೀಪು ತಂದಿತು. ಬಾಗಿಲಿಲ್ಲ, ಪಟ್ಟೆ ಪಟ್ಟೆಯ ಬಟ್ಟೆ ಚಾವಣಿ, ಅದರ ಅಂಚಿಗೆ ಮದುವೆ ಚಪ್ಪರಕ್ಕೂ ಒಪ್ಪುವಂಥ ಜಾಲರಿ. ಮೆಕ್ಸಿಕೊದ ಅಕಪುಲ್ಕೊದಲ್ಲಿರುವ ಲಾಸ್ ಬ್ರೀಸಾಸ್ ಹೋಟೆಲು ತನ್ನ ಅತಿಥಿಗಳಿಗಾಗಿ ಗುಲಾಬಿ ಬಿಳಿ ಬಣ್ಣದ ಇಂಥ ಜೀಪುಗಳನ್ನಿಟ್ಟು ಹೆಸರಾಯಿತು. ಬಿಸಿಲ ಊರಿನಲ್ಲಿ, ಕಡಲ ಗಾಳಿ ಒಳಗೆ ಬರುವಂತೆ, ನೆತ್ತಿಯ ಮೇಲಷ್ಟೇ ನೆರಳು ಕೊಡುವ ಗಾಡಿ. ಮುರುಡೇಶ್ವರದಲ್ಲೋ ಗೋಕರ್ಣದಲ್ಲೋ ಅಂಥದ್ದು ಯಾಕಿಲ್ಲ ಎಂದು ಯೋಚಿಸಿದರೆ ಉತ್ತರ ಸಿಗುವುದಿಲ್ಲ.

ಇನ್ನು ಬಿಸಿಲಿನ ಲೆಕ್ಕ. ನೆತ್ತಿಯ ಮೇಲಷ್ಟೇ ಬಟ್ಟೆ ಇದ್ದರೆ ಏನು ಪ್ರಯೋಜನ, ಪಕ್ಕದಿಂದ ಬಿಸಿಲು ಬೀಳುವುದಿಲ್ಲವೇ ಎಂಬುದು ಮೊದಲ ಆಕ್ಷೇಪ. ಇದಕ್ಕೆ ಉತ್ತರ ಭೂಗೋಳದಲ್ಲಿದೆ. ಬೆಂಗಳೂರು ಸುಮಾರು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ. ಅಲ್ಲಿ ವರ್ಷಕ್ಕೆರಡು ಸಲ, ಏಪ್ರಿಲ್ 24ರ ಆಸುಪಾಸು ಮತ್ತು ಆಗಸ್ಟ್ 18ರ ಆಸುಪಾಸು, ಸೂರ್ಯ ನಟ್ಟ ನಡು ಮಧ್ಯಾಹ್ನ ಸರಿಯಾಗಿ ನೆತ್ತಿಯ ಮೇಲಿರುತ್ತಾನೆ. ನೆಟ್ಟಗೆ ನಿಲ್ಲಿಸಿದ ಕಂಬಕ್ಕೆ ನೆರಳೇ ಬೀಳದ ದಿನಗಳವು. ಕಲಬುರಗಿಗೆ ಆ ದಿನ ಮೇ ಎರಡನೇ ವಾರದಲ್ಲಿ ಬರುತ್ತದೆ, ಅದೂ ಅಲ್ಲಿಯ ಉಷ್ಣಾಂಶ 40 ಡಿಗ್ರಿ ದಾಟಿರುವ ಕಾಲದಲ್ಲಿ. ಡಿಸೆಂಬರಿನಲ್ಲಿ ಕೂಡ ಬೆಂಗಳೂರಿನ ಮಧ್ಯಾಹ್ನದ ಸೂರ್ಯ ದಿಗಂತದಿಂದ 53 ಡಿಗ್ರಿಗಿಂತ ಕೆಳಗಿಳಿಯುವುದಿಲ್ಲ.

ತಲೆಯಿಂದ ಒಂದಡಿ ಮೇಲೆ ಬಟ್ಟೆ ಕಟ್ಟಿದ್ದೀರಿ ಎನ್ನಿ. ಡಿಸೆಂಬರಿನ ಮಧ್ಯಾಹ್ನ ಬೆಂಗಳೂರಿನಲ್ಲಿ ಅದರ ನೆರಳು ತಲೆಯ ಮಟ್ಟದಲ್ಲಿ ಮುಕ್ಕಾಲು ಅಡಿಯಷ್ಟು ಮಾತ್ರ ಸರಿಯುತ್ತದೆ. ಏಪ್ರಿಲ್ ಕೊನೆಯಲ್ಲಿ ಸರಿಯುವುದೇ ಇಲ್ಲ. ಜೀಪಿನ ಬಟ್ಟೆ ಟಾಪುಗಳಿಗೆ ಹೆಸರಾದ ಬೆಸ್‌ಟಾಪ್ ಕಂಪನಿ ಹುಟ್ಟಿದ್ದು ಅಮೆರಿಕದ ಕೊಲರಾಡೊ ರಾಜ್ಯದಲ್ಲಿ, 40 ಡಿಗ್ರಿ ಅಕ್ಷಾಂಶದ ಬೋಲ್ಡರ್ ಊರಿನಲ್ಲಿ. ಅಲ್ಲಿ ಡಿಸೆಂಬರಿನ ಮಧ್ಯಾಹ್ನ ಅದೇ ಬಟ್ಟೆಯ ನೆರಳು ಎರಡಡಿ ಆಚೆ ಬೀಳುತ್ತದೆ, ಅಂದರೆ ಪಕ್ಕದ ಸೀಟಿನ ಮೇಲೆ. ಅರ್ಧ ಹುಡ್ ಹೆಸರು ಮಾಡಿದ್ದು ಅಲ್ಲಿಯಾದರೂ ಕೆಲಸಕ್ಕೆ ಬರುವುದು ಇಲ್ಲಿ ಹೆಚ್ಚು.

ಬೆಳಿಗ್ಗೆ ಎಂಟಕ್ಕೆ, ಸಂಜೆ ನಾಲ್ಕರ ಮೇಲೆ ಮಾತ್ರ ಇದು ಸೋಲುತ್ತದೆ. ಆ ಹೊತ್ತಿಗೆ ಸೂರ್ಯ 30 ಡಿಗ್ರಿ ಆಸುಪಾಸಿನಲ್ಲಿದ್ದು ಬಿಸಿಲು ಪಕ್ಕದಿಂದಲೇ ನುಗ್ಗುತ್ತದೆ. ಆದರೆ ಆಗಿನ ಬಿಸಿಲು ಮಧ್ಯಾಹ್ನದಷ್ಟು ಸುಡುವುದಿಲ್ಲ. ಟೋಪಿ ಹಾಕಿಕೊಂಡರೆ ಆಯಿತು.

ಮಧ್ಯಾಹ್ನದ ನೇರ ಬಿಸಿಲು ಒಂದು ಚದರ ಮೀಟರಿಗೆ ಸುಮಾರು ಒಂದು ಸಾವಿರ ವ್ಯಾಟ್ ಶಾಖ ಸುರಿಯುತ್ತದೆ. ತೆರೆದ ಜೀಪಿನ ಎರಡು ಮುಂದಿನ ಸೀಟುಗಳ ಜಾಗದಲ್ಲಿ ಎರಡು ಇಸ್ತ್ರಿಪೆಟ್ಟಿಗೆ ಪೂರ್ತಿ ಕಾಯಿಸಿಟ್ಟಂತೆ. ಬಟ್ಟೆ ಆ ಶಾಖವನ್ನು ಮೇಲೆಯೇ ತಡೆಯುತ್ತದೆ, ಪಕ್ಕದ ಗಾಳಿ ಉಳಿದದ್ದನ್ನು ಒಯ್ಯುತ್ತದೆ. ಪೂರ್ತಿ ಹುಡ್ ಸೋಲುವುದು ಇಲ್ಲೇ. ಅದೂ ಬಿಸಿಲು ತಡೆಯುತ್ತದೆ, ಗಾಳಿಯನ್ನೂ ತಡೆಯುತ್ತದೆ. ಹಾರ್ಡ್ ಟಾಪಿನೊಳಗೆ ಎಸಿ ಹಾಕಿಕೊಂಡು ಕೂರಬಹುದು ನಿಜ. ಹಾಗೆ ಕೂರುವುದಾದರೆ ತೆರೆದ ಗಾಡಿ ಯಾಕೆ ಕೊಳ್ಳಬೇಕಿತ್ತು?

ಬ್ರಿಟನ್ನಿನ ಲ್ಯಾಂಡ್ ರೋವರ್ ಎಂಜಿನಿಯರುಗಳು ಉಷ್ಣ ದೇಶಗಳಿಗೆ ಕಳಿಸುವ ಗಾಡಿಗಳಿಗೆ ಎರಡು ಪದರದ ಚಾವಣಿ ಮಾಡಿದ್ದರು. ಮೇಲಿನ ತಗಡು ಬಿಸಿಲು ಹೊರುತ್ತದೆ, ಎರಡರ ನಡುವೆ ಹರಿಯುವ ಗಾಳಿ ಶಾಖ ಕೆಳಗಿಳಿಯದಂತೆ ನೋಡಿಕೊಳ್ಳುತ್ತದೆ. ಅದಕ್ಕೆ ಟ್ರಾಪಿಕಲ್ ರೂಫ್ ಎಂದೇ ಹೆಸರು. ಬಟ್ಟೆಯ ಟಾಪಿಗೂ ಈ ಪಾಠ ಸಲ್ಲುತ್ತದೆ: ಮೇಲೆ ತಿಳಿ ಬಣ್ಣ, ಒಳಗೆ ಕಡು ಬಣ್ಣ. ಮೇಲಿನ ಖಾಕಿ ಅಥವಾ ಬೂದು ಬಣ್ಣ ಬಿಸಿಲನ್ನು ಹಿಂದಕ್ಕೆಸೆಯುತ್ತದೆ, ಒಳಗಿನ ಕಪ್ಪು ಕಣ್ಣಿಗೆ ಪ್ರಖರತೆ ಹೊಡೆಯದಂತೆ ತಡೆಯುತ್ತದೆ. ಅಂದಕ್ಕೆಂದು ಪೂರ್ತಿ ಕಪ್ಪು ರೆಕ್ಸಿನ್ ಹೊಲಿಸಿದವರು ನಿಂತ ಗಾಡಿಯಲ್ಲಿ ಐದು ನಿಮಿಷ ಕೂತು ಬಟ್ಟೆಯ ಒಳಬದಿ ಮುಟ್ಟಿ ನೋಡಲಿ.

ಯಾವ ಬಟ್ಟೆ? ದಪ್ಪ ಕ್ಯಾನ್ವಾಸ್ ಒಳ್ಳೆಯದು, ಆದರೆ ನೆನೆದರೆ ಭಾರ, ಒಣಗಿಸದೆ ಮಡಚಿಟ್ಟರೆ ಬೂಷ್ಟು. ಆಟೊ ಟಾಪಿನ ರೆಕ್ಸಿನ್ ಎಲ್ಲ ಕಡೆ ಸಿಗುತ್ತದೆ, ಬಾಳಿಕೆಯೂ ಬರುತ್ತದೆ. ಹಾರ್ಡ್‌ವೇರ್ ಅಂಗಡಿಯ ನೀಲಿ ಟಾರ್ಪಾಲು ಬೇಡ. ಬಿಸಿಲಿಗೆ ಬೇಗ ಪುಡಿಯಾಗಿ ಎಳೆ ಎಳೆ ಉದುರುತ್ತದೆ. ಚುನಾವಣೆ ಮುಗಿದ ಮೇಲೆ ಪುಕ್ಕಟೆ ಸಿಗುವ ಫ್ಲೆಕ್ಸ್ ಹಾಳೆಯಂತೂ ಬೇಡವೇ ಬೇಡ. ಅದು ಬಿಸಿಲಿಗೆ ಸೆಟೆದು ಮಡಿಕೆಯಲ್ಲೇ ಸೀಳುತ್ತದೆ, ಸಾಲದ್ದಕ್ಕೆ ದಾರಿಯುದ್ದಕ್ಕೂ ಯಾರೋ ಮುಖಂಡರು ಕೈ ಮುಗಿದುಕೊಂಡು ನೆತ್ತಿಯ ಮೇಲೆ ನಗುತ್ತಿರುತ್ತಾರೆ.

ಇವೆಲ್ಲಕ್ಕಿಂತ ಗಮನಿಸಬೇಕಾದದ್ದು ಕೃಷಿ ಸಾಮಗ್ರಿ ಅಂಗಡಿಯ ಶೇಡ್ ನೆಟ್. ಕಾಫಿ, ಅಡಿಕೆ, ತರಕಾರಿ ಸಸಿಮಡಿಗಳ ಮೇಲೆ ಕಟ್ಟುವ ಈ ಬಲೆ ಶೇಕಡಾ 35, 50, 75, 90 ಎಂದು ನೆರಳಿನ ಅಳತೆಯಲ್ಲೇ ಮಾರಾಟವಾಗುತ್ತದೆ. ಸೂರ್ಯನ ಬಿಸಿಲಲ್ಲಿ ವರ್ಷಗಟ್ಟಲೆ ಇರಲೆಂದೇ ತಯಾರಾದ ವಸ್ತು. ಶೇಕಡಾ 75 ಇಲ್ಲವೇ 90ರ ಬಲೆಯನ್ನು ಅಳತೆಗೆ ಕತ್ತರಿಸಿ, ಸುತ್ತ ನವಾರು ಪಟ್ಟಿ ಇಟ್ಟು ಎರಡು ಸಾಲು ಹೊಲಿಗೆ ಹಾಕಿಸಿದರೆ ಅದಕ್ಕಿಂತ ಅಗ್ಗದ ಸನ್ ಟಾಪ್ ಬೇರೆ ಬೇಕಿಲ್ಲ. ಅಮೆರಿಕದಲ್ಲಿ ಜೀಪಿಗೆಂದೇ ಮಾರುವ ಬಲೆ ಟಾಪುಗಳೂ ತತ್ತ್ವದಲ್ಲಿ ಇದೇ. ಮಳೆ ಬಂದರೆ ಸೋರುತ್ತದೆ ಎಂಬುದೊಂದೇ ದೋಷ. ಬೇಸಿಗೆಯ ಅಡ್ಡಮಳೆಗೆ ಅದರಿಂದ ಏನೂ ಆಗದು ಎಂಬುದನ್ನು ಮೊದಲೇ ಒಪ್ಪಿಕೊಂಡಿರಬೇಕು. ಬಲೆಗೆ ಇನ್ನೊಂದು ದೊಡ್ಡ ಗುಣವಿದೆ: ಗಾಳಿಯನ್ನು ತನ್ನ ಮೂಲಕ ಹಾಯಲು ಬಿಡುತ್ತದೆ.

ಗಾಳಿಯ ವಿಷಯದಲ್ಲಿ ಅಗ್ಗದ ಕೆಲಸ ಅಪಾಯವಾಗಬಲ್ಲದು. ಗಾಳಿಯ ಒತ್ತಡ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ. ಗಂಟೆಗೆ 40 ಕಿ.ಮೀ. ವೇಗದಲ್ಲಿ ಅದು ಒಂದು ಚದರ ಮೀಟರಿಗೆ ಸುಮಾರು ಏಳೂವರೆ ಕಿಲೋ ತೂಕದಷ್ಟು. 80ಕ್ಕೆ ಏರಿದರೆ ಎರಡರಷ್ಟಲ್ಲ, ನಾಲ್ಕರಷ್ಟು, ಅಂದರೆ 30 ಕಿಲೋ. ಇದರ ಪೂರ್ತಿ ಬಲ ಚಾವಣಿಯ ಮೇಲೆ ಬೀಳುವುದಿಲ್ಲವಾದರೂ ಗಾಜು ದಾಟಿ ಹಾರುವ ಗಾಳಿ ಬಟ್ಟೆಯ ಮೇಲೆ ಒತ್ತಡ ತಗ್ಗಿಸಿ ಅದನ್ನು ಉಬ್ಬಿಸಿ ಮೇಲಕ್ಕೆಳೆಯುತ್ತದೆ. ಎದುರಿಂದ ಲಾರಿ ಬಂದು ಹೋದಾಗ ಒಮ್ಮೆಲೇ ಝಾಡಿಸುತ್ತದೆ. ಎರಡು ಚದರ ಮೀಟರಿನ ಸಡಿಲ ಬಟ್ಟೆ ಹೆದ್ದಾರಿಯಲ್ಲಿ ಕಿತ್ತು ಹೋದರೆ ಬೀಳುವುದು ಹಿಂದೆ ಬರುವ ಬೈಕ್ ಸವಾರನ ಮುಖದ ಮೇಲೆ. ಮಳೆಗಾಲದ ಕೊಡೆಯಷ್ಟೇ ಸಲೀಸಾಗಿ ಕಟ್ಟಿಕೊಂಡು ಹೊರಡುವವರು ಇದನ್ನು ನೆನಪಿಟ್ಟುಕೊಳ್ಳಬೇಕು.

ಹಾಗಾಗಿ ಹಣ ಉಳಿಸಬೇಕಾದದ್ದು ಬಟ್ಟೆಯಲ್ಲೇ ಹೊರತು ಪಟ್ಟಿ, ದಾರ, ಬಕಲುಗಳಲ್ಲಿ ಅಲ್ಲ. ಹತ್ತಿ ದಾರ ಬಿಸಿಲಿಗೂ ತೇವಕ್ಕೂ ಸವೆಯುತ್ತದೆ, ಪಾಲಿಯೆಸ್ಟರ್ ದಾರವನ್ನೇ ಕೇಳಿ ಹಾಕಿಸಬೇಕು. ಬಟ್ಟೆಯ ಪಕ್ಕದ ಅಂಚುಗಳನ್ನು ನೇರ ಕತ್ತರಿಸದೆ ನಡುವೆ ಎರಡು ಮೂರು ಬೆರಳು ಒಳಕ್ಕೆ ಬಾಗಿಸಿ ಕತ್ತರಿಸಿದರೆ, ಮೂಲೆ ಎಳೆದಾಗ ಅಂಚು ತಾನಾಗಿ ಬಿಗಿಯಾಗಿ ಪಟಪಟ ಹೊಡೆದುಕೊಳ್ಳುವುದು ನಿಲ್ಲುತ್ತದೆ. ಡೇರೆ ಹೊಲಿಯುವವರಿಗೆಲ್ಲ ಗೊತ್ತಿರುವ ಉಪಾಯವಿದು. ಗಾಜಿನ ಚೌಕಟ್ಟಿನ ಕಡೆ ಬಟ್ಟೆಯಡಿ ಗಾಳಿ ನುಗ್ಗದಂತೆ ಉದ್ದಕ್ಕೂ ಹಿಡಿತವಿರಬೇಕು, ಎರಡು ಮೂಲೆಯಲ್ಲಿ ಗಂಟು ಹಾಕಿದರೆ ಸಾಲದು. ಹಾಗೆಂದು ಚೌಕಟ್ಟಿಗೆ ಡ್ರಿಲ್ ಹೊಡೆಯುವುದು ಮೂರ್ಖತನ. ಒಂದೆರಡು ಮಳೆಗಾಲ ಕಳೆಯುವಷ್ಟರಲ್ಲಿ ತೂತಿನ ಸುತ್ತ ತುಕ್ಕು ಹಿಡಿಯುತ್ತದೆ. ಹಳೆಯ ಹುಡ್ ಸಿಕ್ಕಿಸಲು ಕಂಪನಿಯೇ ಇಟ್ಟ ಕೊಂಡಿ, ಟಿಚ್ ಬಟನ್ನುಗಳನ್ನೇ ಬಳಸಿಕೊಳ್ಳಬಹುದು. ಎರಡನೇ ತಲೆಮಾರಿನ ಥಾರ್‌ನ ಮಡಚುವ ಹುಡ್ ಹಿಂದಕ್ಕೆ ಸರಿಸಿದರೆ ತಲೆಯ ಮೇಲೆ ಕಂಬಿಗಳ ಚೌಕಟ್ಟು ಉಳಿಯುತ್ತದೆ, ಪಟ್ಟಿ ಸುತ್ತಲು ಅಷ್ಟು ಸಾಕು. ಸೀಟ್ ಬೆಲ್ಟ್ ಜಾಗದ ಮೇಲೆ ಮಾತ್ರ ಪಟ್ಟಿ ಹಾಯಬಾರದು.

ಲಗೇಜು ಕಟ್ಟುವ ಕೊಕ್ಕೆಯ ರಬ್ಬರ್ ಹಗ್ಗ ಎಲ್ಲರ ಕೈಗೂ ಮೊದಲು ಸಿಗುತ್ತದೆ. ಅದು ಕಳಚಿ ಚಿಮ್ಮಿದರೆ ಕೊಕ್ಕೆ ಕಣ್ಣಿಗೇ ಬರುತ್ತದೆ. ಅದಕ್ಕಿಂತ ಪಂಕ್ಚರ್ ಅಂಗಡಿಯಲ್ಲಿ ಸಿಗುವ ಹಳೆಯ ಟ್ಯೂಬಿನ ಪಟ್ಟಿ ಎಷ್ಟೋ ವಾಸಿ.

ಬಟ್ಟೆ ನೆರಳು ಕೊಡುತ್ತದೆ, ಪ್ರಾಣ ಉಳಿಸುವುದಿಲ್ಲ. 2020ರ ನವೆಂಬರಿನಲ್ಲಿ ಗ್ಲೋಬಲ್ ಎನ್‌ಕ್ಯಾಪ್ ಸಂಸ್ಥೆಯ ಡಿಕ್ಕಿ ಪರೀಕ್ಷೆಯಲ್ಲಿ ಹೊಸ ಥಾರ್ ನಾಲ್ಕು ನಕ್ಷತ್ರ ಪಡೆಯಿತು. ಅದರೊಳಗೆ ಕಂಪನಿಯೇ ಕೂರಿಸಿದ ರೋಲ್ ಕೇಜ್ ಇದೆ. ಹಳೆಯ ಜೀಪುಗಳಲ್ಲಿ ಬಹುಪಾಲಿಗೆ ಅಂಥದ್ದಿಲ್ಲ, ಇರುವುದು ಹುಡ್ ಹೊರುವ ತೆಳು ಕಂಬಿ ಮಾತ್ರ. ಗಾಡಿ ಮಗುಚಿದರೆ ಆ ಕಂಬಿ ಉಪಯೋಗಕ್ಕೆ ಬರುವುದಿಲ್ಲ. ಅದಕ್ಕೆ ಬೇಕಾದ್ದು ಗಟ್ಟಿ ರೋಲ್ ಬಾರ್ ಮತ್ತು ಸೀಟ್ ಬೆಲ್ಟ್. ಅಗ್ಗದ ಹಾರ್ಡ್ ಟಾಪ್ ಕೂರಿಸಿದವರಿಗೂ ಈ ಮಾತು ಅನ್ವಯಿಸುತ್ತದೆ. ಫೈಬರ್ ಚಿಪ್ಪು ನೋಡಲು ಗಟ್ಟಿ ಕಂಡಿತೆಂದು ಅದು ಕವಚವಲ್ಲ. ಅದು ಕೊಡುವ ಹುಸಿ ಧೈರ್ಯ ಬಟ್ಟೆ ಕೊಡುವುದಿಲ್ಲ ಎಂಬುದೂ ಬಟ್ಟೆಯ ಪರವಾದ ವಾದವೇ.

ಇನ್ನೊಂದು ಅನುಕೂಲ ಪ್ರವಾಸಿ ತಾಣಗಳಲ್ಲಿ ಕಾಣಬಹುದು. ಮಡಿಕೇರಿಯ ಆಚೆ ಮಾಂದಲಪಟ್ಟಿಗೆ, ಕೊಲ್ಲೂರಿನ ಕಡೆಯಿಂದ ಕೊಡಚಾದ್ರಿಗೆ ಏರುವ ಜೀಪುಗಳಲ್ಲಿ ಹುಡ್ ತೆಗೆದಿದ್ದರೆ ಯಾರಾದರೂ ಕಂಬಿ ಹಿಡಿದು ಎದ್ದು ನಿಲ್ಲುವುದೇ. ಕಲ್ಲು ಗುಂಡಿಯ ದಾರಿಯಲ್ಲಿ, ಫೋನಿನಲ್ಲಿ ವಿಡಿಯೊ ಮಾಡುತ್ತ. ಹಿಂದಿನ ಸೀಟಿನವರೆಗೂ ಚಾಚಿದ ಒಂದು ಬಲೆ ಟಾಪ್ ಇದ್ದರೆ ನಿಲ್ಲಲು ಜಾಗವೇ ಇಲ್ಲ. ಬಲೆಯ ಮೂಲಕ ಬೆಟ್ಟವೂ ಕಾಣುತ್ತದೆ, ಪಕ್ಕದಿಂದ ಕಣಿವೆಯೂ ಕಾಣುತ್ತದೆ, ಎಲ್ಲರೂ ಕೂತೇ ಇರುತ್ತಾರೆ. ಚಾಲಕರು ಗಂಟಲು ಹರಿಯುವಂತೆ ಕೂಗಿ ಹೇಳಿದರೂ ಆಗದ ಕೆಲಸ ಇದು.

ಕಾನೂನಿನ ಹೆದರಿಕೆಯೂ ಒಂದಿದೆ, ಅದು ಪೂರ್ತಿ ಸುಳ್ಳಲ್ಲ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ, ನೋಂದಣಿ ಪತ್ರದ ವಿವರ ತಯಾರಕರ ಮೂಲ ವಿವರಕ್ಕಿಂತ ಬೇರೆಯಾಗುವಂತೆ ಗಾಡಿ ಬದಲಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಒತ್ತಿ ಹೇಳಿತು. ಅದೇ ವರ್ಷದ ತಿದ್ದುಪಡಿ ಅನುಮತಿಯಿಲ್ಲದ ಪ್ರತಿ ಮಾರ್ಪಾಡಿಗೆ ಐದು ಸಾವಿರ ರೂಪಾಯಿ ದಂಡ ಅಥವಾ ಆರು ತಿಂಗಳವರೆಗೆ ಸಜೆ ಎಂದಿತು. 2012ರಲ್ಲಿ ಕಾರಿನ ಕಪ್ಪು ಫಿಲ್ಮ್ ವಿಷಯದಲ್ಲಿ ಬಂದ ಆದೇಶವೂ ಜನರ ಮನಸ್ಸಿನಲ್ಲಿ ಉಳಿದಿದೆ. ಹೀಗೆ ಬಿಸಿಲಿಗೆ ಅಡ್ಡ ಇಡುವುದೆಲ್ಲ ಅಪರಾಧವೇನೋ ಎಂಬ ಅಳುಕು.

ಈ ಅಳುಕು ಕಾಡಬೇಕಾದದ್ದು ಹಾರ್ಡ್ ಟಾಪ್ ಕೂರಿಸುವವರನ್ನು. ಅದು ಗಾಡಿಯ ಆಕಾರ, ತೂಕ ಬದಲಿಸುವ ಶಾಶ್ವತ ಕೆಲಸ. ಪಟ್ಟಿ ಬಿಚ್ಚಿದರೆ ಎರಡು ನಿಮಿಷದಲ್ಲಿ ಮಡಚಿ ಸೀಟಿನಡಿ ಇಡಬಹುದಾದ ಬಟ್ಟೆ ಅದೇ ಸಾಲಿಗೆ ಸೇರುವುದು ನ್ಯಾಯವಲ್ಲ. ಆದರೆ ರಸ್ತೆಯಲ್ಲಿ ತಡೆದು ನಿಲ್ಲಿಸಿದವರ ಜೊತೆ ಕಲಮಿನ ಅರ್ಥ ವಾದಿಸುತ್ತ ನಿಲ್ಲುವ ಗ್ರಹಚಾರ ಯಾರಿಗೂ ಬೇಡ. ಸಾರಿಗೆ ಇಲಾಖೆ ಒಂದು ಪುಟದ ಸುತ್ತೋಲೆ ಹೊರಡಿಸಿ, ಡ್ರಿಲ್ ಹೊಡೆಯದೆ ಕಟ್ಟುವ, ಗಾಜು ಕನ್ನಡಿಗಳಿಗೆ ಅಡ್ಡಬರದ, ಗಾಡಿಯ ಅಗಲ ಮೀರದ ಬಟ್ಟೆ ನೆರಳಿಗೆ ಅಡ್ಡಿಯಿಲ್ಲ ಎಂದು ಹೇಳಿದರೆ ಸಾಕು. ಕಂಪನಿಗಳೂ ಬಾನೆಟ್ ಸ್ಟಿಕ್ಕರ್, ಬಣ್ಣದ ಲೈಟು ಮಾರುವ ಉತ್ಸಾಹದಲ್ಲಿ ಸ್ವಲ್ಪವನ್ನು ಇಲ್ಲಿಗೂ ಎತ್ತಿಡಲಿ. ಪರೀಕ್ಷಿಸಿದ ಪಟ್ಟಿ, ವೇಗದ ಮಿತಿ ಬರೆದ ಚೀಟಿ ಸಮೇತ ಒಂದು ಅರ್ಧ ಹುಡ್ ಪ್ರತಿ ಶೋರೂಮಿನಲ್ಲೂ ಸಿಗುವಂತಾಗಬೇಕು.

ಇದರ ಅಗತ್ಯ ಹೆಚ್ಚಿರುವುದು ವಾರಾಂತ್ಯಕ್ಕೆ ಥಾರ್ ಓಡಿಸುವವರಿಗಿಂತ ಹಳದಿ ಬೋರ್ಡಿನ ಜೀಪು ಚಾಲಕರಿಗೆ. ಪ್ರವಾಸಿಗರು ಬೆಟ್ಟದ ತುದಿಯಲ್ಲಿ ಸುತ್ತಾಡುವಾಗ ಅವರು ಗಾಡಿಯಲ್ಲೇ ಕಾಯುತ್ತಾರೆ, ಇಳಿದು ಬಂದ ಮೇಲೆ ಮತ್ತೊಂದು ತಂಡ ಹತ್ತಿಸಿಕೊಂಡು ಅದೇ ಬಿಸಿಲಿಗೆ ಹೊರಡುತ್ತಾರೆ. ಇಂಥ ಬಾಡಿಗೆ ಗಾಡಿಗಳು ಎಂಟು ವರ್ಷ ದಾಟಿದ ಮೇಲೆ ಪ್ರತಿ ವರ್ಷ ಎಫ್‌ಸಿಗೆ ಬರಲೇಬೇಕು. ಬ್ರೇಕು, ಲೈಟು, ಟೈರು ನೋಡುವ ಇನ್‌ಸ್ಪೆಕ್ಟರು ಚಾಲಕರ ನೆತ್ತಿಯ ಮೇಲೆ ಏನಾದರೂ ಇದೆಯೇ ಎಂದು ತಲೆಯೆತ್ತಿ ನೋಡಿ, ಇದ್ದರೆ ನಾಲ್ಕೂ ಮೂಲೆಯ ಪಟ್ಟಿಯನ್ನು ಒಮ್ಮೆ ಜೋರಾಗಿ ಎಳೆದು ಪರೀಕ್ಷಿಸಲು ಒಂದು ನಿಮಿಷವೂ ಹಿಡಿಯದು.